ಅಂಗಳದ ನಳ ಸೋರುತ್ತಿದ್ದರೆ

ಗದಗ-ಬೆಟಗೇರಿ ಅವಳಿ ನಗರ ಹಾಗೂ ಸಮೀಪದ ಮಲ್ಲಸಮುದ್ರದಂಥ ಊರುಗಳಲ್ಲಿ ನಲ್ಲಿಗೆ ‘ನಳ’ವೆಂದೇ ಹೆಸರು. ತುಂಗಭದ್ರೆಯ ನೀರನ್ನು ನೆಚ್ಚಿಕೊಂಡ ಈ ಸೀಮೆಯಲ್ಲಿ ದಿನಗಟ್ಟಲೆ ನೀರಿಗಾಗಿ ಕಾಯುವುದು ಹೊಸತಲ್ಲ. ಸೆಕೆಂಡಿಗೊಂದು ಹನಿಯಂತೆ ಸೋರುವ ನಳದಿಂದ ದಿನಕ್ಕೆ 86,400 ಹನಿ ಪೋಲಾಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣರಿಗೆ ನಿಗದಿಪಡಿಸಿದ್ದು ತಲಾ 55 ಲೀಟರ್ ಎಂಬುದನ್ನು ನೆನೆದರೆ ಈ ಸೋರಿಕೆ ಕ್ಷುಲ್ಲಕವೆನಿಸದು.

ನೀರು ಎಲ್ಲಿಂದ ಸೋರುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ಬಾಯಿಯಿಂದ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತದೆ. ಅದನ್ನಷ್ಟೇ ಬದಲಿಸಿದರೆ ಸಾಕು. ವಾಷರ್ ಕೂರುವ ಜಾಗವೇ ಗಡಸು ನೀರಿನ ಉಪ್ಪು ಕಟ್ಟಿ ತರಿಯಾಗಿದ್ದರೆ ಹೊಸ ನಳವೇ ಬೇಕಾದೀತು. ಮನೆಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ಅರ್ಧ ಇಂಚಿನದು.

ಟ್ಯಾಂಕಿನಿಂದ ಬರುವ ನೀರಾದರೆ ಗೇಟ್ ವಾಲ್ವ್ ಮುಚ್ಚಬೇಕು. ಬೀದಿಯ ಕೊಳವೆಗೆ ನೇರವಾಗಿ ಜೋಡಿಸಿದ್ದರೆ ನೀರು ಬಿಡದ ದಿನವೇ ಈ ಕೆಲಸಕ್ಕೆ ತಕ್ಕದ್ದು. ಅರ್ಧ ಬಿಚ್ಚಿದಾಗ ನೀರು ಬಂದರೆ ಅಂಗಳವೆಲ್ಲ ಕೆರೆ! ಒಂದು ಪಾನಾದಿಂದ ಕೊಳವೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಳವನ್ನು ಎಡಕ್ಕೆ ತಿರುಗಿಸಬೇಕು. ಇಲ್ಲಿಯೇ ಅನೇಕರು ಎಡವುವುದು. ತುಕ್ಕು ಹಿಡಿದ ಹಳೆಯ ಕೊಳವೆಯ ಮೇಲೆ ಒಂದೇ ಸಮನೆ ಬಲ ಪ್ರಯೋಗಿಸಿದರೆ ಗೋಡೆಯೊಳಗಿನ ಎಲ್ಬೋ ಮುರಿದು, ವಾಷರ್ ಬದಲಿಸುವ ಕೆಲಸ ಗೋಡೆ ಒಡೆಯುವವರೆಗೆ ಹೋಗುತ್ತದೆ. ಹಟ ಬಿಡದ ತುಕ್ಕಿಗೆ ಎಣ್ಣೆ ಬಿಟ್ಟು ಕಾಯುವುದೇ ಲೇಸು.

ಹೊಸ ನಳದ ಥ್ರೆಡ್ಡಿನ ತುದಿಯನ್ನು ತಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಎಂಟು-ಹತ್ತು ಸುತ್ತು ಬಿಗಿಯಾಗಿ ಸುತ್ತಬೇಕು. ದಿಕ್ಕು ತಪ್ಪಿದರೆ ಕೂಡಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಮೊದಲು ಕೈಯಿಂದಲೇ ತಿರುಗಿಸಿ, ಬಳಿಕ ಪಾನಾದಿಂದ ತುಸು ಬಿಗಿ ಮಾಡಬೇಕು. ಪಿವಿಸಿ ಕೊಳವೆ ಅತಿ ಬಿಗಿತವನ್ನು ತಾಳದು.

ಒತ್ತಡ ಸಾಲದ ಕಡೆಗಳಲ್ಲಿ ಗುಂಡಿ ತೋಡಿ ನಳ ಕೂಡಿಸುವ ರೂಢಿಯುಂಟು. ಅಲ್ಲಿ ಸೋರಿಕೆ ಬರೀ ನೀರಿನ ನಷ್ಟವಲ್ಲ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಕುಸಿದು, ಸರಿಯಾಗಿ ಮುಚ್ಚದ ನಳದ ಬಾಯಿ ಗುಂಡಿಯ ಹೊಲಸು ನೀರನ್ನು ಒಳಕ್ಕೆ ಎಳೆದುಕೊಳ್ಳಬಹುದು. ಮುಂದಿನ ಸರದಿಯಲ್ಲಿ ಅದೇ ನೀರು ನೆರೆಮನೆಯ ಕೊಡಕ್ಕೂ ಸೇರೀತು. ಹೀಗಾಗಿ ಗುಂಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು, ನೀರು ಬಂದದ್ದು ತಿಳಿಯಲೆಂದು ನಳವನ್ನು ತೆರೆದಿಡುವ ಅಭ್ಯಾಸ ಬಿಡುವುದು ಅವಶ್ಯಕ. ಹೊಸ ನಳ ಕೂಡಿಸಿದ ಮೇಲೆ ಮೊದಲ ಸಲ ನೀರು ಬಿಟ್ಟ ದಿನ ಬೆಸುಗೆಯ ಸುತ್ತ ಒಣ ಕಾಗದ ಒತ್ತಿ ನೋಡಿದರೆ, ಕಣ್ಣಿಗೆ ಕಾಣದ ಜಿನುಗೂ ಗೊತ್ತಾಗುತ್ತದೆ.