ಒಲಿಂಪಿಯದ ಜಿಗಿತವೂ ವಾದ್ಯಘೋಷವೂ

ಪ್ರಾಚೀನ ಗ್ರೀಕರ ಐದಾಟದ ಸ್ಪರ್ಧೆಯಲ್ಲಿ ಪಟುಗಳು ಎರಡು ಕೈಗಳಲ್ಲೂ ತೂಕಗಳನ್ನು ಹಿಡಿದು ಜಿಗಿಯುವಾಗ ಔಲೊಸ್ ಎಂಬ ವಾದ್ಯವನ್ನು ನುಡಿಸುತ್ತಿದ್ದರು. ಇದನ್ನು ಕೊಳಲೆಂದು ಅನುವಾದಿಸುವುದು ವಾಡಿಕೆ. ಪೀಪಿಯುಳ್ಳ ಈ ಜೋಡಿಕೊಳವೆ ವಾಸ್ತವವಾಗಿ ನಮ್ಮ ಓಲಗಕ್ಕೆ ಹೆಚ್ಚು ಹತ್ತಿರವಾದುದು.

ಈ ಸಂಪ್ರದಾಯಕ್ಕೆ ಕಾರಣವೇನು? ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸಾನಿಯಸನು, ಅಪೊಲೊ ದೇವನು ಓಟದಲ್ಲಿ ಹರ್ಮಿಸನನ್ನೂ ಮುಷ್ಟಿಯುದ್ಧದಲ್ಲಿ ಏರೀಸನನ್ನೂ ಸೋಲಿಸಿದನೆಂಬ ಐತಿಹ್ಯವನ್ನು ಹೇಳಿ, ಆದುದರಿಂದಲೇ ಅವನಿಗೆ ಪವಿತ್ರವಾದ ಪೈಥಿಯನ್ ವಾದನವು ಜಿಗಿತಕ್ಕೆ ಸಂದಿತೆನ್ನುತ್ತಾನೆ. ಮುಂದಿನ ಶತಮಾನದ ಫಿಲೊಸ್ಟ್ರಾಟಸನ ವಿವರಣೆ ಬೇರೆ: ಜಿಗಿತವು ಸ್ಪರ್ಧೆಗಳಲ್ಲೆಲ್ಲ ಕಠಿಣವಾದುದರಿಂದ ಪಟುವಿಗೆ ನಾದದ ನೆರವನ್ನು ಒದಗಿಸಲಾಯಿತು. ಇಂದಿನ ಓದುಗನಿಗೆ ಒಪ್ಪಿಗೆಯಾಗುವುದು ಇದೇ. ಆದರೆ ಇದೂ ಪೂರ್ಣವಲ್ಲ. ಕ್ರಿ.ಪೂ. 6 ಮತ್ತು 5ನೆಯ ಶತಮಾನಗಳ ಕುಂಭಚಿತ್ರಗಳಲ್ಲಿ ಚಕ್ರವನ್ನೂ ಈಟಿಯನ್ನೂ ಎಸೆಯುವವರ ಬಳಿಯಲ್ಲಿಯೂ ವಾದಕನು ನಿಂತಿದ್ದಾನೆ. ಪೌಸಾನಿಯಸನೇ ಒಲಿಂಪಿಯದಲ್ಲಿ ಕಂಡ ಕಿಪ್ಸೆಲಸನ ಪೆಟ್ಟಿಗೆಯ ಮೇಲೆ ಮುಷ್ಟಿಯೋಧರಿಬ್ಬರ ನಡುವೆ ವಾದಕನೊಬ್ಬನಿದ್ದನು. ವ್ಯಾಯಾಮದಲ್ಲಿ ವ್ಯಾಪಕವಾಗಿದ್ದ ರೂಢಿಯೊಂದು ಉತ್ಸವದಲ್ಲಿ ಜಿಗಿತಕ್ಕೆ ಮಾತ್ರ ಉಳಿದುಕೊಂಡಿತೆಂದೂ ಐತಿಹ್ಯವು ಆಮೇಲೆ ಅದಕ್ಕೆ ಅಂಟಿಕೊಂಡಿತೆಂದೂ ನಾವು ಊಹಿಸುತ್ತೇವೆ.

ಜಿಗಿದವರಲ್ಲಿ ಹಲವರ ಹೆಸರು ಅಳಿದುಹೋಗಿದೆ. ನುಡಿಸಿದವನೊಬ್ಬನ ಹೆಸರು ಉಳಿದಿದೆ. ಐದಾಟಕ್ಕೆ ಆರು ಬಾರಿ ವಾದ್ಯ ನುಡಿಸಿದ ಸಿಸಿಯೋನಿನ ಪೈಥೊಕ್ರಿಟಸನಿಗೆ, ಗೆದ್ದ ಪಟುಗಳ ಪ್ರತಿಮೆಗಳಿದ್ದ ಒಲಿಂಪಿಯದಲ್ಲಿಯೇ ಸ್ಮಾರಕವೊಂದು ನಿಂತಿತು. ಫಲಕದ ಮೇಲೆ ಔಲೊಸ್ ಹಿಡಿದ ಚಿಕ್ಕ ಮನುಷ್ಯನೊಬ್ಬನನ್ನು ಉಬ್ಬಾಗಿ ಕೆತ್ತಿದ್ದುದನ್ನು ಪೌಸಾನಿಯಸನು ಕಂಡಿದ್ದನು.