ಮೂವತ್ತೊಂದು ಕ್ಲಬ್‌ಗಳ ಲೆಕ್ಕ: ಸೆಬಾಸ್ಟಿಯನ್ ಅಬ್ರೆಯು ಕುರಿತು ಒಂದು ಟಿಪ್ಪಣಿ

ಅತಿ ಹೆಚ್ಚು ಕ್ಲಬ್‌ಗಳ ಪರ ಆಡಿದ ವೃತ್ತಿಪರ ಫುಟ್‌ಬಾಲ್ ಆಟಗಾರನೆಂಬ ಗಿನ್ನೆಸ್ ದಾಖಲೆ ಉರುಗ್ವೆಯ ಸ್ಟ್ರೈಕರ್ ಸೆಬಾಸ್ಟಿಯನ್ ಅಬ್ರೆಯು ಅವರದು. 1994ರಲ್ಲಿ ಮಾಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗ್ ತಂಡದಿಂದ ಆಟ ಶುರುಮಾಡಿದ ಅವರು, 2021ರ ಜೂನ್‌ನಲ್ಲಿ ಉರುಗ್ವೆಯದೇ ಸುದ್ ಅಮೆರಿಕಾ ತಂಡದಲ್ಲಿದ್ದಾಗ, 44ನೇ ವಯಸ್ಸಿನಲ್ಲಿ ನಿವೃತ್ತರಾದರು. ಅಷ್ಟರಲ್ಲಿ 31 ಕ್ಲಬ್, 11 ದೇಶಗಳಾಗಿದ್ದವು. ಹುಚ್ಚ ಎಂಬ ಅರ್ಥದ ‘ಎಲ್ ಲೋಕೊ’ ಅವರ ಅಡ್ಡಹೆಸರು. ಹಾಗಾಗಿ ಈ ಅಲೆದಾಟವನ್ನೂ ಅವರ ಸ್ವಭಾವದ ಖಾತೆಗೇ ಬರೆಯುವುದು ರೂಢಿಯಾಗಿದೆ. ಕ್ಲಬ್‌ಗಳನ್ನು ದೇಶವಾರು ಮತ್ತು ಕಾಲವಾರು ಬಿಡಿಸಿ ನೋಡಿದರೆ ಈ ವಿವರಣೆ ಸಾಲದು ಎಂಬುದು ಇಲ್ಲಿನ ವಾದ.

ಮೊದಲು ದೇಶವಾರು ಲೆಕ್ಕ. ಮೆಕ್ಸಿಕೊ 7, ಬ್ರೆಜಿಲ್ 6, ಉರುಗ್ವೆ 5, ಅರ್ಜೆಂಟೀನಾ ಮತ್ತು ಚಿಲಿ ತಲಾ 3, ಸ್ಪೇನ್ 2. ಪರಗ್ವೆ, ಈಕ್ವೆಡಾರ್, ಎಲ್ ಸಾಲ್ವಡಾರ್, ಗ್ರೀಸ್ ಹಾಗೂ ಇಸ್ರೇಲ್ ತಲಾ 1. ಅರ್ಧಕ್ಕಿಂತ ಹೆಚ್ಚು, ಅಂದರೆ 18 ಕ್ಲಬ್‌ಗಳು ಮೂರೇ ದೇಶಗಳವು. ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಆಡುನುಡಿಯಾಗಿರುವ ನಾಡಿನ ಆಚೆಗೆ ಅವರು ಆಡಿದ್ದು ಜೆರುಸಲೇಮಿನ ಬೇತಾರ್ ಮತ್ತು ಥೆಸಲೊನೀಕಿಯ ಆರಿಸ್ ತಂಡಗಳಲ್ಲಿ ಮಾತ್ರ. ಅವರಿಗಿಂತ ಮುಂಚೆ ಈ ದಾಖಲೆ ಹೊಂದಿದ್ದ ಜರ್ಮನಿಯ ಗೋಲ್‌ಕೀಪರ್ ಲುಟ್ಜ್ ಫ್ಯಾನೆನ್‌ಸ್ಟೀಲ್ 25 ಕ್ಲಬ್‌ಗಳಲ್ಲೇ ಫಿಫಾದ ಆರೂ ಖಂಡೀಯ ಒಕ್ಕೂಟಗಳನ್ನು ಸುತ್ತಿಬಂದಿದ್ದರು. ಅವರಿಗೆ ಹೋಲಿಸಿದರೆ ಅಬ್ರೆಯು ತಮಗೆ ಪರಿಚಿತವಾದ ಒಂದೇ ವಲಯದೊಳಗೆ ಮತ್ತೆಮತ್ತೆ ಓಡಾಡಿದವರು. ಮಾಂಟೆವಿಡಿಯೊದ ನ್ಯಾಸಿಯೊನಾಲ್‌ಗೆ ಅವರು ಹಲವು ಬಾರಿ ಮರಳಿದ್ದಾರೆ. ಕ್ಲಬ್‌ಗಳ ಎಣಿಕೆಯಲ್ಲಿ ಅದು ಒಂದೇ ಆಗುವುದರಿಂದ ಈ ಮರಳುವಿಕೆ 31ರಲ್ಲಿ ಕಾಣಿಸುವುದಿಲ್ಲ.

ಇನ್ನು ಕಾಲವಾರು. ಇಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು.

ಮೊದಲನೆಯದು ಎರವಲಿನ ಘಟ್ಟ. 1998ರ ಆರಂಭದಲ್ಲಿ ಸ್ಪೇನ್‌ನ ಡೆಪೋರ್ಟಿವೊ ಲಾ ಕೊರುನ್ಯಾ ಅವರನ್ನು ಅರ್ಜೆಂಟೀನಾದ ಸಾನ್ ಲೊರೆಂಜೊದಿಂದ ಕೊಂಡಿತು. ಅಲ್ಲಿ ನೆಲೆ ಸಿಗಲಿಲ್ಲ. ಒಪ್ಪಂದ ಡೆಪೋರ್ಟಿವೊ ಕೈಯಲ್ಲೇ ಉಳಿಯಿತು. ಆಟಗಾರ ಮಾತ್ರ ಬ್ರೆಜಿಲ್‌ನ ಗ್ರೆಮಿಯೊ, ಮೆಕ್ಸಿಕೊದ ಟೆಕೋಸ್, ಮತ್ತೆ ಸಾನ್ ಲೊರೆಂಜೊ, ನ್ಯಾಸಿಯೊನಾಲ್ ಎಂದು ಎರವಲು ಹೋಗುತ್ತಿದ್ದರು. 1999-2000ರಲ್ಲಿ ಡೆಪೋರ್ಟಿವೊ ಲಾ ಲಿಗಾ ಗೆದ್ದಾಗ ಅವರು ಮೆಕ್ಸಿಕೊದಲ್ಲಿದ್ದರು. ಈ ಘಟ್ಟದ ಊರು ಬದಲಾವಣೆಗಳನ್ನು ಆಟಗಾರನ ಚಂಚಲತೆ ಎಂದು ಓದುವುದು ಕಷ್ಟ. ಒಪ್ಪಂದದ ಒಡೆತನ ಹೊಂದಿದ್ದ ಕ್ಲಬ್‌ನ ಪಾತ್ರವೂ ಇವುಗಳ ಹಿಂದಿದೆ.

ಎರಡನೆಯದು ಮೆಕ್ಸಿಕೊದ ಘಟ್ಟ. 1996ರಿಂದ ಅಲ್ಲಿನ ಲೀಗ್ ವರ್ಷಕ್ಕೆ ಎರಡು ಕಿರು ಟೂರ್ನಿಗಳಾಗಿ ನಡೆಯುತ್ತಿದೆ. ಆರು ತಿಂಗಳಿಗೊಬ್ಬ ಚಾಂಪಿಯನ್ ಇರುವ ಕಡೆ, ಬಂದ ಕೂಡಲೇ ಗೋಲು ಹೊಡೆಯಬಲ್ಲವನಿಗೆ ಬೇಡಿಕೆ ಸಹಜ. 2002ರ ಬೇಸಿಗೆ ಟೂರ್ನಿಯಲ್ಲಿ ಕ್ರುಸ್ ಅಸುಲ್ ಪರ ಅಬ್ರೆಯು 19 ಗೋಲು ಹೊಡೆದು ಅಗ್ರಸ್ಥಾನ ಪಡೆದರು. ಇನ್ನೂ ಕುತೂಹಲದ್ದು ಕುಲಿಯಕಾನ್ ಊರಿನ ಡೊರಾಡೋಸ್ ಪ್ರಕರಣ. 2006ರ ಮೊದಲಾರ್ಧದ ಟೂರ್ನಿಯಲ್ಲಿ ಗೋಲು ಗಳಿಕೆಯ ಪಟ್ಟಿಯ ಮೇಲ್ತುದಿಯಲ್ಲಿ ಅಬ್ರೆಯು ಇದ್ದರು. ಆಟಗಾರನಾಗಿ ಕೊನೆಯ ದಿನಗಳಲ್ಲಿದ್ದ ಪೆಪ್ ಗಾರ್ಡಿಯೋಲಾ ಅವರ ಜೊತೆಗಾರ. ಆದರೂ ತಂಡ ಕೆಳ ದರ್ಜೆಗೆ ಇಳಿಯಿತು. ಹಿಂಬಡ್ತಿಯನ್ನು ಹಲವು ಟೂರ್ನಿಗಳ ಸರಾಸರಿ ಅಂಕದ ಮೇಲೆ ತೀರ್ಮಾನಿಸುವ ಪದ್ಧತಿ ಆಗ ಇತ್ತು. ಒಬ್ಬನ ಒಂದು ಒಳ್ಳೆಯ ಅರ್ಧವರ್ಷ ಅದನ್ನು ತಡೆಯಲಾರದು. ಅಲ್ಲಿಂದ ಮಾಂಟೆರೇ, ಸಾನ್ ಲೂಯಿಸ್, ಟಿಗ್ರೆಸ್.

ಮೂರನೆಯದು ಮುಪ್ಪಿನ ಘಟ್ಟ. 1994ರಿಂದ 2014ರವರೆಗಿನ ಎರಡು ದಶಕಗಳಲ್ಲಿ 19 ಕ್ಲಬ್‌ಗಳಾದರೆ, 2015ರಿಂದ 2021ರವರೆಗಿನ ಏಳೇ ವರ್ಷಗಳಲ್ಲಿ 12 ಹೊಸ ಹೆಸರುಗಳು ಸೇರಿದವು. 2017ರ ಕೊನೆಯಲ್ಲಿ ಚಿಲಿಯ ಆಡಾಕ್ಸ್ ಇಟಾಲಿಯಾನೊ ಜೊತೆ ಸಹಿ ಹಾಕಿದಾಗ ಅದು 26ನೆಯದು. ಫ್ಯಾನೆನ್‌ಸ್ಟೀಲ್ ದಾಖಲೆ ಹಿಂದೆ ಬಿತ್ತು. ಈ ಹೊತ್ತಿಗೆ ಹೊಸ ಜೆರ್ಸಿ ತೊಡುವುದೇ ಸುದ್ದಿಯಾಗಿತ್ತು, ಮತ್ತು ಆ ಸುದ್ದಿಯಿಂದ ಸಣ್ಣ ಕ್ಲಬ್‌ಗಳಿಗೂ ಲಾಭವಿತ್ತು ಎಂದು ಊಹಿಸಬಹುದು.

ಸ್ವಭಾವದ ವಾದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಸಾಕ್ಷ್ಯ ರಾಷ್ಟ್ರೀಯ ತಂಡ. 1996ರಿಂದ 2012ರವರೆಗೆ ಉರುಗ್ವೆ ಪರ 70 ಪಂದ್ಯ, 26 ಗೋಲು. 2009ರ ನವೆಂಬರ್‌ನಲ್ಲಿ ಕೋಸ್ಟರಿಕ ವಿರುದ್ಧದ ಪ್ಲೇಆಫ್‌ನ ಎರಡನೇ ಪಂದ್ಯ 1-1ರಲ್ಲಿ ಮುಗಿದು ಉರುಗ್ವೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆ ಒಂದು ಗೋಲು ಆಗ ಆರಿಸ್‌ನಲ್ಲಿದ್ದ ಅಬ್ರೆಯು ಅವರದು.

2010ರ ಜುಲೈ 2ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಘಾನಾ ವಿರುದ್ಧ ಕ್ವಾರ್ಟರ್‌ಫೈನಲ್. ಪೆನಾಲ್ಟಿ ಸರದಿಯಲ್ಲಿ ಉರುಗ್ವೆ 3-2ರಿಂದ ಮುಂದಿತ್ತು. ಬದಲಿ ಆಟಗಾರನಾಗಿ ಇಳಿದಿದ್ದ 13ನೇ ನಂಬರಿನ ಅಬ್ರೆಯು ಐದನೇ ಒದೆತಕ್ಕೆ ಬಂದರು. ಗೋಲ್‌ಕೀಪರ್ ರಿಚರ್ಡ್ ಕಿಂಗ್ಸನ್ ಪಕ್ಕಕ್ಕೆ ಹಾರಿದರು; ಚೆಂಡು ನಿಧಾನವಾಗಿ ಮೇಲೆದ್ದು ನಟ್ಟನಡುವೆ ಬಲೆ ಸೇರಿತು. 1976ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆಂಟೊನಿನ್ ಪನೆಂಕಾ ಹೊಡೆದ ಬಗೆಯದು ಇದು. ನೋಡಿದವರು ಹುಚ್ಚು ಧೈರ್ಯ ಎಂದರು. ಆದರೆ 2010ರದೇ ಏಪ್ರಿಲ್‌ನಲ್ಲಿ ಬೊಟಾಫೊಗೊ ಪರ ಫ್ಲಮೆಂಗೊ ವಿರುದ್ಧದ ರಿಯೊ ರಾಜ್ಯ ಟೂರ್ನಿಯ ನಿರ್ಣಾಯಕ ಪಂದ್ಯದಲ್ಲೂ ಅವರು ಹೀಗೆಯೇ ಒದ್ದಿದ್ದರು. ಚೆಂಡು ಮೇಲಿನ ಅಡ್ಡಕಂಬಕ್ಕೆ ತಾಗಿ ಒಳಬಿದ್ದಿತ್ತು. ಕ್ಷಣದ ಆವೇಶಕ್ಕಿಂತ ಪಳಗಿದ ಕಾಲ್ಚಳಕದ ಲಕ್ಷಣ ಇದರಲ್ಲಿ ಹೆಚ್ಚು.

ಹೀಗಾಗಿ 31 ಎಂಬ ಸಂಖ್ಯೆಯನ್ನು ಒಂದೇ ಕಾರಣದಿಂದ ವಿವರಿಸುವುದು ತರವಲ್ಲ. ಮೊದಲ ಘಟ್ಟಕ್ಕೆ ಎರವಲು ಒಪ್ಪಂದ, ಎರಡನೆಯದಕ್ಕೆ ಅರ್ಧವರ್ಷದ ಟೂರ್ನಿ ಪದ್ಧತಿ, ಮೂರನೆಯದಕ್ಕೆ ದಾಖಲೆಯೇ ತಂದುಕೊಟ್ಟ ಬೆಲೆ ಕಾರಣವಾಗಿ ಕಾಣುತ್ತವೆ. ಬೇರೆ ಅಲೆಮಾರಿ ಸ್ಟ್ರೈಕರ್‌ಗಳನ್ನು ಅಭ್ಯಾಸ ಮಾಡುವವರೂ ಕ್ಲಬ್‌ಗಳ ಒಟ್ಟು ಎಣಿಕೆಗೆ ಮೊದಲು ಎರವಲು, ಮಾರಾಟ, ಮರುಸೇರ್ಪಡೆಗಳನ್ನು ಬೇರೆಬೇರೆ ಕಲಂಗಳಲ್ಲಿ ಬರೆದುಕೊಳ್ಳುವುದು ಒಳ್ಳೆಯದು.