ಮುಟ್ಟು: ಹಸಿರು ಗುಡ್ಲಿನಿಂದ ಕಪ್ಪು ಕವರಿನವರೆಗೆ

ನಮ್ಮ ಕಡೆ ಹುಡುಗಿ ಮೈನೆರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಸೋದರಮಾವ ಹಸಿ ಸೊಪ್ಪು ಕಡಿದು ತಂದು ಗುಡ್ಲು ಹಾಕುತ್ತಾನೆ. ಹುಡುಗಿಗೆ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸುತ್ತಾರೆ. ಸಂಜೆ ಮುತ್ತೈದೆಯರು ಸೇರಿ ಆರತಿ ಎತ್ತಿ ಹಾಡು ಹೇಳುತ್ತಾರೆ. ಈಗಂತೂ ಶಾಮಿಯಾನ ಹಾಕಿಸಿ, ಹುಡುಗಿಯ ಫೋಟೊ ಇರುವ ಫ್ಲೆಕ್ಸ್ ಕಟ್ಟಿಸಿ, ನೆಂಟರಿಗೆಲ್ಲ ಊಟ ಹಾಕುವವರೂ ಇದ್ದಾರೆ.

ಮುಂದಿನ ತಿಂಗಳು ಅದೇ ಹುಡುಗಿಗೆ ಹೊಟ್ಟೆನೋವು ಬಂದರೆ ಅಪ್ಪನ ಮುಂದೆ ಬಾಯಿ ಬಿಡುವಂತಿಲ್ಲ. ಅಂಗಡಿಯಲ್ಲಿ ಪ್ಯಾಡ್ ಕೇಳಿದರೆ ಅಂಗಡಿಯವನು ಆಚೀಚೆ ನೋಡಿ, ಹಳೇ ಪೇಪರಿನಲ್ಲಿ ಸುತ್ತಿ, ಮೇಲೊಂದು ಕಪ್ಪು ಕವರ್ ಹಾಕಿ ಕೊಡುತ್ತಾನೆ. ಮೊದಲ ಸಲ ಊರಿಗೆ ಸಾರಿದ ಸಂಗತಿ ಎರಡನೇ ಸಲಕ್ಕೆ ಗುಟ್ಟಾಗುತ್ತದೆ.

ಈ ಗುಟ್ಟು ಹೇಗೆ ಬೆಳೆಯಿತು, ಯಾರು ಅದನ್ನು ಮುರಿಯಲು ನೋಡಿದರು, ಎಲ್ಲಿ ಸೋತರು ಎಂಬುದನ್ನು ನಮಗೆ ಗೊತ್ತಿರುವಷ್ಟು ಇಲ್ಲಿ ಬರೆಯುತ್ತಿದ್ದೇವೆ.

ಹೆಸರು ಹೇಳದ ಹೆಸರುಗಳು

'ಹೊರಗಾಗಿದ್ದಾಳೆ', 'ಕಡೆಗಿದ್ದಾಳೆ', 'ಕಾಗೆ ಮುಟ್ಟಿದೆ', 'ರಜಾ', 'ಡೇಟು', 'ಪ್ರಾಬ್ಲಮ್ಮು'. ಇವೆಲ್ಲ ನೀವೂ ಕೇಳಿರುವ ಮಾತುಗಳೇ. ಕನ್ನಡದಲ್ಲಿ ಇದಕ್ಕೆ 'ಮುಟ್ಟು' ಎಂಬ ಅಚ್ಚುಕಟ್ಟಾದ ಪದ ಇದೆ. ಆದರೆ ಅದನ್ನು ಬಿಟ್ಟು ಬೇರೆ ಎಲ್ಲವನ್ನೂ ಹೇಳುತ್ತೇವೆ.

ಹಳಗನ್ನಡದಲ್ಲಿ ಇನ್ನೊಂದು ಪದ ಇತ್ತು, 'ಹೊಲೆ'. ಮುಟ್ಟಿಗೂ ಅದೇ, ಮೈಲಿಗೆಗೂ ಅದೇ. ಊರ ಹೊರಗೆ ಇಟ್ಟ ಜನರನ್ನು ಹೀಯಾಳಿಸಿ ಕರೆದದ್ದೂ ಅದೇ ಬೇರಿನ ಪದದಿಂದ. ಮೂರು ದಿನ ಹೆಣ್ಣನ್ನು ದೂರ ಇಡುವ ಬುದ್ಧಿಯೂ ಜೀವಮಾನವಿಡೀ ಒಂದು ಜಾತಿಯನ್ನು ದೂರ ಇಡುವ ಬುದ್ಧಿಯೂ ಎಷ್ಟು ಹತ್ತಿರದವು ಎಂಬುದಕ್ಕೆ ಈ ಪದವೇ ಸಾಕ್ಷಿ.

ಕಲ್ಯಾಣದಲ್ಲಿ ಎದ್ದ ಮಾತು

ಇದನ್ನು ಹನ್ನೆರಡನೇ ಶತಮಾನದ ಶರಣರು ಗುರುತಿಸಿದ್ದರು. ಅವರು ಐದು ಸೂತಕಗಳನ್ನು ಬೇಡ ಎಂದರು. ಹುಟ್ಟಿನದು, ಸಾವಿನದು, ಎಂಜಲಿನದು, ಜಾತಿಯದು, ಮುಟ್ಟಿನದು. ಜಾತಿಯನ್ನೂ ಮುಟ್ಟನ್ನೂ ಒಂದೇ ಪಟ್ಟಿಗೆ ಸೇರಿಸಿದರು ಎಂಬುದನ್ನು ಗಮನಿಸಿ. ಇಷ್ಟಲಿಂಗ ಕಟ್ಟಿಕೊಂಡ ಹೆಣ್ಣು ಆ ದಿನಗಳಲ್ಲೂ ಪೂಜೆ ಬಿಡಬೇಕಿಲ್ಲ ಎಂಬುದು ಅದರ ಅರ್ಥ. ಮುಟ್ಟಿಲ್ಲದೆ ಗರ್ಭಕ್ಕೆ ನೆಲೆಯೇ ಇಲ್ಲ, ಎಲ್ಲರೂ ಅಲ್ಲಿಂದಲೇ ಬಂದವರು, ಹಾಗಿರುವಾಗ ಯಾವ ಕುಲ ಹೆಚ್ಚು ಎಂಬ ಅರ್ಥದ ವಚನ ಬಸವಣ್ಣನವರದಿದೆ.

ಇದು ಎಂಟುನೂರು ವರ್ಷಕ್ಕೂ ಹಿಂದಿನ ಮಾತು. 'ಮುಟ್ಟಿನ ಬಗ್ಗೆ ಬಹಿರಂಗವಾಗಿ ಮಾತಾಡುವುದು ನಮ್ಮ ಸಂಸ್ಕೃತಿ ಅಲ್ಲ, ಪೇಟೆಯವರು ತಂದದ್ದು' ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಆದರೆ ವಚನ ಓದುವ ಮನೆಗಳಲ್ಲೂ ಎಲ್ಲ ಕಡೆ ಈ ಮಾತು ಉಳಿಯಲಿಲ್ಲ. ಪುಸ್ತಕದಲ್ಲಿ ಉಳಿಯಿತು, ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಹಟ್ಟಿಯ ಬೇಲಿ, ನಮ್ಮ ಹಿತ್ತಲು

ಮುಟ್ಟಿನ ಸುದ್ದಿ ಎಂದರೆ ಪತ್ರಕರ್ತರು ನೆಟ್ಟಗೆ ಓಡುವುದು ಗೊಲ್ಲರಹಟ್ಟಿಗೆ. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರ ಶುದ್ಧಕ್ಕಾಗಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಿಂದ ಹೊರಗಿಡುವ ಪದ್ಧತಿ ಬೆಳೆದುಬಂತು. ಹಿಂದೆ ಮರದ ಕೆಳಗೆ, ಇಲ್ಲವೇ ಸೋಗೆಯ ಗುಡ್ಲಿನಲ್ಲಿ ಇರಬೇಕಿತ್ತು. ಮಳೆಗಾಲದಲ್ಲೂ ಅಷ್ಟೆ, ಹಾವು ಚೇಳಿನ ಭಯದಲ್ಲೂ ಅಷ್ಟೆ.

ಇದು ನಿಜ. ಆದರೆ ಅರ್ಧ ನಿಜ. ಹಟ್ಟಿಯ ಬೇಲಿ ಕಣ್ಣಿಗೆ ಕಾಣುತ್ತದೆ, ಫೋಟೊಕ್ಕೆ ಸಿಗುತ್ತದೆ. ನಮ್ಮ ನಿಮ್ಮ ಮನೆಗಳಲ್ಲಿ ಹಿತ್ತಲ ಮೂಲೆಯ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು, ಮೇಲಿಂದ ಎತ್ತಿ ಹಾಕುವ ಅನ್ನ ಫೋಟೊಕ್ಕೆ ಸಿಗುವುದಿಲ್ಲ. ನಾವು ಸಹ ಹಟ್ಟಿಗಳಿಗೆ ಹೋಗಿ ವರದಿ ಮಾಡಿದವರೇ. ಹೋದಾಗಲೆಲ್ಲ ಮೊದಲು ಮಾತಾಡಿಸಿದ್ದು ಯಜಮಾನರನ್ನು, ಪೂಜಾರಪ್ಪನವರನ್ನು, ಅಧಿಕಾರಿಗಳನ್ನು. ಹೊರಗಿದ್ದ ಹೆಂಗಸರ ಹತ್ತಿರ ಹೋಗಿದ್ದು ಕೊನೆಯಲ್ಲಿ, ಅದೂ ಫೋಟೊ ತೆಗೆಯಲು.

'ಮೂರು ದಿನ ಹೊರಗೆ ಕೂತರೆ ಹೆಣ್ಣಿಗೆ ವಿಶ್ರಾಂತಿ ಸಿಗುತ್ತಿತ್ತು' ಎನ್ನುವವರಿದ್ದಾರೆ. ನಮ್ಮ ಅಜ್ಜಿಯಂದಿರಿಗೆ ಆ ಮೂರು ದಿನ ಬಿಡುವಿದ್ದದ್ದು ಒಲೆಯ ಕೆಲಸಕ್ಕೆ ಮಾತ್ರ. ಹೊಲ, ಸೌದೆ, ದನಕರು ತಪ್ಪುತ್ತಿರಲಿಲ್ಲ. ವಿಶ್ರಾಂತಿ ಕೊಡುವ ಮನಸ್ಸಿದ್ದರೆ ಬೆಚ್ಚಗೆ ಮನೆಯೊಳಗೆ ಚಾಪೆ ಹಾಸಬಹುದಿತ್ತು.

ಮಾತಾಡದೆ ಕಟ್ಟಿದ ಕಟ್ಟಡ

ಹಟ್ಟಿಯ ಹೆಂಗಸರ ಕಷ್ಟ ನೋಡಿ ಸರ್ಕಾರ ಒಂದು ದಾರಿ ಹುಡುಕಿತು. ಹಟ್ಟಿಗಳ ಹೊರಗೆ 'ಕೃಷ್ಣ ಕುಟೀರ', 'ಮಹಿಳಾ ಭವನ' ಎಂಬ ಕಟ್ಟಡಗಳನ್ನು ಕಟ್ಟಿತು. ಬಯಲಿಗಿಂತ ಸೂರು ಮೇಲು, ಒಪ್ಪೋಣ. ಆದರೆ ಆ ಕಟ್ಟಡ ಹೇಳಿದ್ದೇನು? ನೀನು ಹೊರಗಿರಬೇಕು ಎಂಬುದು ಸರಿ, ತಾರಸಿ ಮಾತ್ರ ಗಟ್ಟಿ ಮಾಡಿಕೊಡುತ್ತೇವೆ ಎಂದು. ಸೋಗೆಯ ಗುಡ್ಲು ಬಿದ್ದುಹೋಗುತ್ತಿತ್ತು, ಸಿಮೆಂಟಿನದು ಬೀಳಲಿಲ್ಲ. 'ನಿಮಗೆ ಇದು ಬೇಕೇ' ಎಂದು ಹೆಂಗಸರನ್ನು ಕೂರಿಸಿಕೊಂಡು ಕೇಳುವ ಕಷ್ಟದ ಕೆಲಸ ಬಹಳ ಕಡೆ ಬಾಕಿ ಉಳಿಯಿತು.

ಆಮೇಲೆ ಕಾನೂನು ಬಂತು. 2017ರಲ್ಲಿ ಶಾಸನಸಭೆ ಒಪ್ಪಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯಲ್ಲಿ ಮುಟ್ಟಾದವರನ್ನು ಬಲವಂತವಾಗಿ ದೂರ ಇಡುವುದೂ ಅಪರಾಧ. ಒಂದರಿಂದ ಏಳು ವರ್ಷ ಜೈಲು, ದಂಡ ಬೇರೆ.

ಕಾನೂನು ಇದ್ದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಏನಾಯಿತು ಎಂಬುದು ನಾಡಿಗೆಲ್ಲ ಗೊತ್ತಿದೆ. ಹಟ್ಟಿಯ ಹೊರಗೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಕಾಯಿಲೆ ಬಿದ್ದು ತೀರಿಕೊಂಡಿತು. ಆಮೇಲೆ ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು, ಹಟ್ಟಿಗಳಲ್ಲಿ ಸಭೆಗಳಾದವು. ಮೊದಲೇ ಆಡಬೇಕಿದ್ದ ಮಾತನ್ನು ಒಂದು ಕೂಸು ಹೋದ ಮೇಲೆ ಆಡಿದೆವು.

ಪ್ಯಾಕೆಟ್ ಬಂತು, ಮಾತು ಬರಲಿಲ್ಲ

ನಮ್ಮ ತಾಯಂದಿರ ಕಾಲದಲ್ಲಿ ಹಳೇ ಸೀರೆಯ ತುಂಡೇ ಗತಿ. ಬಟ್ಟೆಯಲ್ಲಿ ತಪ್ಪೇನಿಲ್ಲ. ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದರೆ ಅದು ಶುದ್ಧವೇ. ಆದರೆ ಗಂಡಸರ ಕಣ್ಣಿಗೆ ಬೀಳಬಾರದು ಎಂದು ಬಚ್ಚಲ ಸಂದಿಯಲ್ಲೋ ಇನ್ನೊಂದು ಬಟ್ಟೆಯ ಅಡಿಯಲ್ಲೋ ಒಣಹಾಕಿದರು. ಅರೆಒಣಗಿದ ಬಟ್ಟೆಯಿಂದ ತುರಿಕೆ, ಸೋಂಕು. ಅದನ್ನೂ ಹೇಳಿಕೊಳ್ಳಲಿಲ್ಲ. ಇಲ್ಲಿ ಕಾಯಿಲೆ ತಂದದ್ದು ಬಟ್ಟೆಯಲ್ಲ, ನಾಚಿಕೆ.

2011ರಲ್ಲಿ ಕೇಂದ್ರದ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಆಯ್ದ ಜಿಲ್ಲೆಗಳ ಹಳ್ಳಿಗಳಲ್ಲಿ 6 ರೂಪಾಯಿಗೆ 6 ಪ್ಯಾಡ್ ಮಾರತೊಡಗಿದರು. 2013-14ರಲ್ಲಿ ರಾಜ್ಯದ 'ಶುಚಿ' ಯೋಜನೆ ಬಂತು. 10ರಿಂದ 19 ವರ್ಷದ ಹುಡುಗಿಯರಿಗೆ ಉಚಿತ ಪ್ಯಾಡ್. ಕೆಲವು ವರ್ಷ ನಿಂತುಹೋಗಿದ್ದ ಅದು 2024ರಲ್ಲಿ ಮತ್ತೆ ಶುರುವಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಪ್ಯಾಡಿಗೆ ಶೇ. 12 ತೆರಿಗೆ ಬಿತ್ತು. ಹೆಂಗಸರು ದೇಶದುದ್ದಕ್ಕೂ ಬಾಯಿಬಿಟ್ಟು ಕೇಳಿದ ಮೇಲೆ, 2018ರ ಜುಲೈನಲ್ಲಿ ತೆರಿಗೆ ಹೋಯಿತು. ಜನೌಷಧಿ ಅಂಗಡಿಗಳಲ್ಲಿ 2019ರಿಂದ ಪ್ಯಾಡಿಗೆ 1 ರೂಪಾಯಿ.

ಇವುಗಳ ಹೆಸರನ್ನೂ ನೋಡಿ. 'ಶುಚಿ' ಎಂದಾಗ ಮುಟ್ಟು ಕೊಳೆ, ಅದನ್ನು ತೊಳೆಯಬೇಕು ಎಂಬ ಹಳೇ ಮಾತೇ ಒಳಗೆ ಕೂತಿದೆ. 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಕಪ್ ಹಂಚಲು ಹೊರಟಾಗ ಸರ್ಕಾರ ಅದಕ್ಕೆ 'ಮೈತ್ರಿ ಮುಟ್ಟಿನ ಕಪ್' ಎಂದಿತು. ಸರ್ಕಾರಿ ಯೋಜನೆಯ ಹೆಸರಿನಲ್ಲಿ 'ಮುಟ್ಟು' ಎಂಬ ಪದ! ಚಿಕ್ಕ ಸಂಗತಿ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸಲಿಲ್ಲ.

ಏಕೆಂದರೆ ಕೆಲವು ವರ್ಷದ ಹಿಂದೆ ನಾವು ಇದೇ ವಿಷಯದ ವರದಿ ಕಳಿಸಿದಾಗ ತಲೆಬರಹದಲ್ಲಿದ್ದ 'ಮುಟ್ಟು' ಡೆಸ್ಕಿನಲ್ಲಿ 'ಆ ದಿನಗಳು' ಆಗಿತ್ತು. ಬೆಳಿಗ್ಗೆ ಪೇಪರ್ ಮನೆಮನೆಗೆ ಹೋಗುತ್ತದೆ, ಎಲ್ಲರೂ ಓದುತ್ತಾರೆ ಎಂಬ ಕಾರಣ ಕೊಟ್ಟರು. ಎಲ್ಲರೂ ಓದಲಿ ಎಂದೇ ನಾವು ಬರೆದದ್ದು.

ಈಗ ಎಲ್ಲಿದ್ದೇವೆ

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೆ 1 ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇದು ದೊಡ್ಡದೇ. ಆದರೆ ಕಳೆ ಕೀಳುವ, ಈರುಳ್ಳಿ ಕೊಯ್ಯುವ, ದಿನಗೂಲಿ ನಂಬಿದ ಹೆಂಗಸಿಗೆ ರಜೆ ಕೊಡುವವರು ಯಾರು? ಅವಳಿಗೆ ಸಿಗುವ ರಜೆ ಮನೆಯವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯವರು ಕೊಡಬೇಕಾದರೆ ಅವಳು ಕೇಳಬೇಕು. ಕೇಳಬೇಕಾದರೆ ಆ ಪದ ಮನೆಯಲ್ಲಿ ಓಡಾಡಬೇಕು.

ಇಷ್ಟು ವರ್ಷದ ಲೆಕ್ಕ ನೋಡಿದರೆ ನಮಗೆ ಕಾಣುವುದು ಇದೇ. ಕಟ್ಟಡ ಬಂತು, ಕಾಯ್ದೆ ಬಂತು, ಪ್ಯಾಕೆಟ್ ಬಂತು. ಪ್ರತಿಯೊಂದೂ ಬೇಕಿತ್ತು. ಆದರೆ ಮಾತು ಹೋಗದ ಕಡೆ ಇವು ಯಾವುವೂ ಪೂರ್ತಿ ತಲುಪಲಿಲ್ಲ.

ಇದಕ್ಕೆ ಭಾಷಣ ಬೇಕಿಲ್ಲ. ಬಟ್ಟೆ ಬಳಸುವ ಮನೆಯಲ್ಲಿ ಅದನ್ನು ಅಂಗಳದ ತಂತಿಗೆ, ಬಿಸಿಲಿಗೆ ಹಾಕಲಿ. ಹುಡುಗರಿಗೂ ಅಕ್ಕತಂಗಿಯರಿಗೆ ಏನಾಗುತ್ತದೆ ಎಂದು ಮನೆಯಲ್ಲೇ ಹೇಳಲಿ. ಎರಡು ಮೂರು ತಿಂಗಳು ಮುಟ್ಟು ನಿಂತರೆ, ತೀರಾ ಹೆಚ್ಚು ಹೋದರೆ, ನೋವು ತಡೆಯಲಾಗದಿದ್ದರೆ ಆಶಾ ಅಕ್ಕನಿಗೆ ಇಲ್ಲವೇ ಡಾಕ್ಟರಿಗೆ ಮುಟ್ಟು ಎಂದೇ ಹೇಳಿ ತೋರಿಸಿಕೊಳ್ಳಲಿ.

ಇನ್ನು ಸೋದರಮಾವಂದಿರಿಗೆ ಒಂದು ಮಾತು. ಊರೆಲ್ಲ ನೋಡುವ ಹಾಗೆ ಹೆಗಲ ಮೇಲೆ ಹಸಿ ಸೊಪ್ಪು ಹೊತ್ತು ತಂದವರು ನೀವು. ಅವತ್ತು ನಿಮಗೆ ನಾಚಿಕೆ ಆಗಲಿಲ್ಲ. ಮುಂದಿನ ತಿಂಗಳು ಸೊಸೆಗೆ ಅಂಗಡಿಯಿಂದ ಪ್ಯಾಡೂ ತಂದುಕೊಡಿ. ಕಪ್ಪು ಕವರ್ ಬೇಡ ಎಂದು ಅಂಗಡಿಯವನಿಗೆ ಹೇಳಿ.